ತೋಟ ಇದೆಯಲ್ಲ, ಮುಪ್ಪಿಗೆ ಅಷ್ಟು ಸಾಲದೇ?

ಪ್ರಶ್ನೆ: ನನಗೆ 51 ವರ್ಷ. ಕೊಡಗಿನ ನಾಪೋಕ್ಲು ಸಮೀಪ ಏಳು ಎಕರೆ ರೊಬಸ್ಟಾ ಕಾಫಿ ತೋಟವಿದೆ. ಅದರಲ್ಲಿ ಮೂರು ಎಕರೆ ಇನ್ನೂ ಪಾಲಾಗದೆ ಕುಟುಂಬದ ಒಟ್ಟು ಪಟ್ಟೆಯಲ್ಲಿದೆ. ವರ್ಷಕ್ಕೆ ಸರಾಸರಿ ನೂರು ಚೀಲ ಚೆರಿ (ಒಣಗಿಸಿದ ಕಾಫಿ ಹಣ್ಣು) ಬರುತ್ತದೆ, ಜೊತೆಗೆ ಒಂದಿಷ್ಟು ಕಾಳುಮೆಣಸು. ಪತ್ನಿಗೆ 47, ಏಳು ವರ್ಷಗಳಿಂದ ಖಾಸಗಿ ಶಾಲೆಯಲ್ಲಿ ಶಿಕ್ಷಕಿ, ಭವಿಷ್ಯ ನಿಧಿಯಲ್ಲಿ ಎರಡೂವರೆ ಲಕ್ಷವಿದೆ. ಮಗಳು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ, ಮಗ ಎಂಜಿನಿಯರಿಂಗ್ ಮೂರನೇ ವರ್ಷದಲ್ಲಿದ್ದಾನೆ. ಈಚಿನ ಒಳ್ಳೆಯ ಬೆಲೆಯಿಂದ ಬ್ಯಾಂಕ್ ಸಾಲ ಪೂರ್ತಿ ತೀರಿ 18 ಲಕ್ಷ ರೂಪಾಯಿ ಉಳಿದಿದೆ. ಊರಿನ ಸಹಕಾರ ಸಂಘದಲ್ಲಿ 11 ಲಕ್ಷ ಠೇವಣಿ ಇದೆ. ಪಕ್ಕದ ಎರಡು ಎಕರೆ ಮಾರಾಟಕ್ಕೆ ಬಂದಿದೆ. ‘ತೋಟಕ್ಕಿಂತ ದೊಡ್ಡ ಪಿಂಚಣಿ ಯಾವುದಿದೆ, ಬಿಡಬೇಡ’ ಎನ್ನುತ್ತಾರೆ ಅಣ್ಣ. ವಿಮಾ ಏಜೆಂಟರು ಗ್ಯಾರಂಟಿ ಪಿಂಚಣಿ ಪಾಲಿಸಿ ತಂದಿದ್ದಾರೆ. ಹೋದ ಮಳೆಗಾಲದಿಂದ ನನಗೆ ಮಂಡಿನೋವು ಶುರುವಾಗಿದೆ, ಇಳಿಜಾರಿನ ತೋಟ ಸುತ್ತುವುದು ಕಷ್ಟವಾಗುತ್ತಿದೆ. ಮುಪ್ಪಿಗೆಂದು ಎಷ್ಟು ಕೂಡಿಡಬೇಕು? ಈಗ ಶುರು ಮಾಡಿದರೆ ತಡವಾಯಿತೇ?

ಉತ್ತರ: ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಸಾಲು ಮಂಡಿನೋವಿನದು. ಎಕರೆ, ಚೀಲ, ಲಕ್ಷಗಳ ಲೆಕ್ಕವೆಲ್ಲ ಆ ಸಾಲಿನ ಸುತ್ತಲೇ ತಿರುಗುತ್ತದೆ. ಅಣ್ಣ ಹೇಳಿದ ಮಾತನ್ನು ಕೊಡಗಿನಲ್ಲಿ ಇಪ್ಪತ್ತು ವರ್ಷಗಳಿಂದ ಕೇಳುತ್ತಿದ್ದೇನೆ. ಅದರಲ್ಲಿ ಅರ್ಧ ಸತ್ಯವಿದೆ. ತೋಟ ಆದಾಯ ಕೊಡುತ್ತದೆ, ನಿಜ. ಆದರೆ ಅದು ನಡೆಯಬಲ್ಲವನಿಗೆ ಕೊಡುವ ಆದಾಯ. ನೀವು ಹಾಸಿಗೆ ಹಿಡಿದ ತಿಂಗಳಲ್ಲೂ ತಪ್ಪದೆ ಬರುವ ಹಣಕ್ಕೆ ಪಿಂಚಣಿ ಎನ್ನುತ್ತಾರೆ. ನೀವು ಬದುಕಿನುದ್ದಕ್ಕೂ ಮೊದಲನೆಯದನ್ನು ಕಟ್ಟಿದ್ದೀರಿ, ಎರಡನೆಯದು ಇನ್ನೂ ಶುರುವಾಗಿಲ್ಲ. ನಿಮ್ಮ ನಿದ್ದೆ ಕೆಡಿಸುತ್ತಿರುವ ಆತಂಕ ಇದೇ ಎಂದು ನನಗೆ ಅನಿಸುತ್ತದೆ, ಮತ್ತು ಅದು ಸರಿಯಾದ ಆತಂಕ.

ತಡವಾಯಿತೇ ಎಂದು ಕೇಳಿದ್ದೀರಿ. 63ರವರೆಗೆ ತೋಟವನ್ನು ನೀವೇ ನೋಡಿಕೊಳ್ಳುತ್ತೀರಿ ಎಂದುಕೊಳ್ಳೋಣ. ಹಾಗಾದರೆ ನಿಮ್ಮ ಕೈಯಲ್ಲಿ ಇನ್ನು ಹನ್ನೆರಡು ಕುಯ್ಲುಗಳಿವೆ. ಸಂಬಳದವರು ವರ್ಷ ಎಣಿಸುತ್ತಾರೆ, ನಾವು ಕುಯ್ಲು ಎಣಿಸಬೇಕು. ಹನ್ನೆರಡರಲ್ಲಿ ಮೂರೋ ನಾಲ್ಕೋ ಗಿಡ ಹೂ ಬಿಡಲು ಬೇಕಾದ ಹೂಮಳೆ ಕೈಕೊಟ್ಟ ವರ್ಷಗಳಾಗಿರುತ್ತವೆ, ಒಂದೆರಡು ಬೆಲೆ ಬಿದ್ದವು. ಉಳಿದವುಗಳಲ್ಲಿ ಕೆಲಸ ಆಗಬೇಕು. ಆಗುತ್ತದೆ.

ತೋಟವೊಂದನ್ನೇ ನಂಬಬಾರದು ಎಂದು ಯಾಕೆ ಹೇಳುತ್ತೇನೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. 2019ರ ಸುಮಾರಿಗೆ ರೊಬಸ್ಟಾ ಚೆರಿ 50 ಕಿಲೋ ಚೀಲಕ್ಕೆ ಮೂರೂವರೆ ಸಾವಿರದ ಆಸುಪಾಸಿನಲ್ಲಿತ್ತು. ಗೊಬ್ಬರ, ಕೂಲಿ, ಸ್ಪ್ರಿಂಕ್ಲರಿನ ಡೀಸೆಲ್ ಕಳೆದರೆ ಕೈಗೆ ಬರುತ್ತಿದ್ದುದು ಎಷ್ಟೆಂದು ನಿಮಗೇ ಗೊತ್ತು. 2025ರ ಆರಂಭಕ್ಕೆ ಅದೇ ಚೀಲ ಹತ್ತು ಸಾವಿರ ದಾಟಿತು. ಈ ನಡುವೆ ನಿಮ್ಮ ತೋಟದಲ್ಲಿ ಏನೂ ಬದಲಾಗಿರಲಿಲ್ಲ, ವಿಯೆಟ್ನಾಂನಲ್ಲಿ ಬರ ಬಿದ್ದಿತ್ತು. ರೊಬಸ್ಟಾದಲ್ಲಿ ಜಗತ್ತಿಗೇ ಮೊದಲನೆಯ ದೇಶ ಅದು. ಅಲ್ಲಿ ಒಳ್ಳೆಯ ಮಳೆಯಾಗಿ ಗಿಡ ತುಂಬಿ ಕಾಯಿ ಕಟ್ಟಿದ ವರ್ಷ ಇಲ್ಲಿ ಬೆಲೆ ಇಳಿಯುತ್ತದೆ. ಕಾಳುಮೆಣಸೂ ಹಾಗೆಯೇ. 2015-16ರಲ್ಲಿ ಕಿಲೋಗೆ 700 ರೂಪಾಯಿಯ ಸಮೀಪ ಇದ್ದದ್ದು ನಾಲ್ಕು ವರ್ಷದೊಳಗೆ ಅದರ ಅರ್ಧಕ್ಕೆ ಇಳಿದದ್ದನ್ನು ನೀವೂ ನೋಡಿದ್ದೀರಿ. 70 ವರ್ಷದ ನಿಮ್ಮ ಔಷಧದ ಖರ್ಚು ಇನ್ನೊಂದು ದೇಶದ ಮಳೆಯ ಮೇಲೆ ನಿಲ್ಲಬಾರದು.

ಎರಡನೆಯದು ಕೂಲಿ. ತೋಟದ ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚು ಹೋಗುವುದು ಆಳುಗಳಿಗೆ. ನೀವು ಗಟ್ಟಿಯಾಗಿರುವಾಗ ಕಪಾತು (ಕೊಂಬೆ ಸವರುವುದು), ಚಿಗುರು ತೆಗೆಯುವುದು, ಮೆಣಸಿನ ಬಳ್ಳಿ ಕಟ್ಟುವುದು ಇವುಗಳಲ್ಲಿ ಎಷ್ಟೋ ಪಾಲು ನಿಮ್ಮ ಕಣ್ಣಿನ ಕೆಲಸ, ಕೈಯ ಕೆಲಸ. ಅದಕ್ಕೆ ನೀವು ಯಾರಿಗೂ ಸಂಬಳ ಕೊಟ್ಟಿಲ್ಲ, ಹಾಗಾಗಿ ಅದು ಲೆಕ್ಕದಲ್ಲಿ ಕಾಣುವುದಿಲ್ಲ. ಮಂಡಿ ಸೋತ ದಿನ ಅದೇ ಕೆಲಸಕ್ಕೆ ತೋಟದ ಮೇಲ್ವಿಚಾರಣೆ ನೋಡುವ ರೈಟರನ್ನೋ ಮೇಸ್ತ್ರಿಯನ್ನೋ ಇಡಬೇಕು. ಮಾಲೀಕ ಬೆಳಿಗ್ಗೆ ಬಾರದ ತೋಟದ ಇಳುವರಿ ಏನಾಗುತ್ತದೆ ಎಂಬುದಕ್ಕೆ ಉದಾಹರಣೆ ನಿಮ್ಮ ಊರಿನಲ್ಲೇ ಸಿಗುತ್ತದೆ. ಸಿದ್ದಾಪುರ, ತಿತಿಮತಿ ಕಡೆಯಲ್ಲಾದರೆ ಆನೆಗೆ ಹೆದರಿ ಹಿರಿಯರು ಬೆಳಕು ಹರಿಯುವ ಮೊದಲು ತೋಟಕ್ಕೆ ಕಾಲಿಡುವುದೇ ಇಲ್ಲ.

ಮೂರನೆಯದನ್ನು ಹೇಳಲು ನನಗೆ ಇಂದಿಗೂ ಕಷ್ಟ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಕಾಲೂರು, ಮುಕ್ಕೋಡ್ಲು, ಹಟ್ಟಿಹೊಳೆ ಕಡೆ ಗುಡ್ಡಗಳು ಜಾರಿದವು. ಆ ಸೆಪ್ಟೆಂಬರಿನಲ್ಲಿ ಅಲ್ಲಿಯ ಒಬ್ಬ ಹಿರಿಯರು ಮಡಿಕೇರಿಯ ನನ್ನ ಕಚೇರಿಗೆ ಬಂದಿದ್ದರು. ಅಕ್ಕಿಯ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಒಂದು ಅಂಚೆ ಕಚೇರಿ ಪಾಸ್‌ಬುಕ್ ತಂದಿದ್ದರು. ಅದರ ಅಂಚುಗಳಲ್ಲಿ ಕೆಮ್ಮಣ್ಣು ಒಣಗಿ ಹಾಳೆಗಳು ಒಂದಕ್ಕೊಂದು ಅಂಟಿದ್ದವು. ಮೇಜಿನ ಮೇಲೆ ಒಂದೊಂದೇ ಹಾಳೆಯನ್ನು ಉಗುರಿನಿಂದ ಬಿಡಿಸಿದೆವು. ನಾಲ್ಕು ಎಕರೆ ತೋಟ ಹೋಗಿತ್ತು, ಕೊಟ್ಟಿಗೆ ಹೋಗಿತ್ತು. ಆ ಪುಸ್ತಕದಲ್ಲಿದ್ದ 3,40,000 ರೂಪಾಯಿ ಮಾತ್ರ ಹೋಗಿರಲಿಲ್ಲ, ಏಕೆಂದರೆ ಅದು ಆ ಗುಡ್ಡದ ಮೇಲೆ ಇರಲಿಲ್ಲ. ನಾನು ಹೇಳಬೇಕೆಂದಿರುವ ಮಾತು ಇಷ್ಟೇ: ಮುಪ್ಪಿನ ಹಣದ ಒಂದು ಭಾಗ ನಿಮ್ಮ ತೋಟದ ಮಳೆಗೆ, ಕೂಲಿಗೆ, ಬೆಲೆಗೆ ಸಂಬಂಧವೇ ಇಲ್ಲದ ಜಾಗದಲ್ಲಿ ಇರಬೇಕು.

ಆದ್ದರಿಂದ ಪಕ್ಕದ ಎರಡು ಎಕರೆ ಬೇಡ ಎಂಬುದು ನನ್ನ ಅಭಿಪ್ರಾಯ. ಆ ಭೂಮಿ ಒಳ್ಳೆಯದೇ ಇರಬಹುದು. 40 ವರ್ಷದವರಾಗಿದ್ದರೆ ಬೇರೆ ಮಾತು ಹೇಳುತ್ತಿದ್ದೆ. 51ರಲ್ಲಿ ಇರುವ 18 ಲಕ್ಷವನ್ನೂ ಸುರಿದು, ಸಾಲದ್ದಕ್ಕೆ ಮತ್ತೆ ಸಾಲ ಮಾಡಿ, ಇರುವ ತೋಟಕ್ಕೆ ತಗುಲುವ ಅದೇ ಅಪಾಯಗಳನ್ನು ಇನ್ನಷ್ಟು ಕೊಂಡಂತಾಗುತ್ತದೆ. ಕಷ್ಟಪಟ್ಟು ಸಾಲ ತೀರಿಸಿದ್ದೀರಿ. ಕಂತು ಕಟ್ಟಲಾಗದ ತೋಟಗಳಿಗೆ, ಅಡವಿನ ಆಸ್ತಿಯನ್ನು ಬ್ಯಾಂಕೇ ಮಾರಲು ಬಿಡುವ ಸರ್ಫೇಸಿ ಕಾಯ್ದೆಯಡಿ ಹರಾಜಿನ ನೋಟಿಸು ಬಂದು ಬೆಳೆಗಾರರು ಬೀದಿಗಿಳಿದದ್ದನ್ನು ನಮ್ಮ ಜಿಲ್ಲೆ ನೋಡಿದೆ. ‘ಬೇಕಾದಾಗ ಮಾರಿದರಾಯಿತು’ ಎಂಬ ಮಾತಿಗೂ ಮಿತಿಯಿದೆ. ಒಟ್ಟು ಪಟ್ಟೆಯಲ್ಲಿರುವ ನಿಮ್ಮ ಮೂರು ಎಕರೆಯನ್ನು ಎಲ್ಲ ಪಾಲುದಾರರ ಒಪ್ಪಿಗೆಯಿಲ್ಲದೆ ಮಾರುವುದು ಹಾಗಿರಲಿ, ಅಡವಿಡುವುದೂ ಸುಲಭವಲ್ಲ. ಆಸ್ಪತ್ರೆಯ ಬಿಲ್ಲಿಗೆ ಅರ್ಧ ಎಕರೆ ಕತ್ತರಿಸಿ ಕೊಡಲು ಬರುವುದಿಲ್ಲ.

ಈಗ ಎಷ್ಟು ಬೇಕು ಎಂಬ ಪ್ರಶ್ನೆ. ಒಂದು ಕೋಟಿ, ಎರಡು ಕೋಟಿ ಎಂದು ಜನ ಹೇಳುವ ಅಂಕೆಗಳನ್ನು ಮರೆತುಬಿಡಿ. ನಿಮ್ಮ ಮನೆಯ ಖರ್ಚಿನಿಂದ ಶುರು ಮಾಡೋಣ. ಮಗನ ಶುಲ್ಕ, ತೋಟದ ಖರ್ಚು ಎರಡನ್ನೂ ಬಿಟ್ಟು ಇಬ್ಬರ ಜೀವನಕ್ಕೆ ಇಂದು ತಿಂಗಳಿಗೆ 40,000 ರೂಪಾಯಿ ಎಂದಿಟ್ಟುಕೊಳ್ಳುತ್ತೇನೆ. ಹೆಚ್ಚು ಕಡಿಮೆ ಇದ್ದರೆ ನೀವೇ ತಿದ್ದಿಕೊಳ್ಳಿ. ಬೆಲೆಯೇರಿಕೆ ವರ್ಷಕ್ಕೆ ಶೇಕಡಾ 6 ಎಂದರೆ ಖರ್ಚು ಸುಮಾರು ಹನ್ನೆರಡು ವರ್ಷಕ್ಕೆ ಎರಡರಷ್ಟಾಗುತ್ತದೆ. ನಿಮ್ಮ ಹನ್ನೆರಡು ಕುಯ್ಲು ಮುಗಿಯುವಾಗ ತಿಂಗಳಿಗೆ 80,000, ವರ್ಷಕ್ಕೆ 9,60,000 ಬೇಕು. ‘ಅಕ್ಕಿ ಮನೆಯದು, ತರಕಾರಿ ಹಿತ್ತಲಿನದು, ವಯಸ್ಸಾದ ಮೇಲೆ ಖರ್ಚೇನಿದೆ’ ಎನ್ನುವವರಿದ್ದಾರೆ. ನನ್ನ ಅನುಭವದಲ್ಲಿ ಅಕ್ಕಿ ತರಕಾರಿಯಲ್ಲಿ ಉಳಿದದ್ದು ಬೇರೆ ಕಡೆ ಹೋಗುತ್ತದೆ. ತಜ್ಞ ವೈದ್ಯರೆಂದರೆ ಮೈಸೂರು ಇಲ್ಲವೇ ಮಂಗಳೂರು. ಮಡಿಕೇರಿಯಿಂದ ಮೈಸೂರಿಗೇ ಸುಮಾರು 120 ಕಿಲೋಮೀಟರ್. ಸ್ವತಃ ಕಾರು ಓಡಿಸಲಾಗದ ದಿನ ಪ್ರತಿ ಭೇಟಿಗೂ ಬಾಡಿಗೆ ಕಾರು, ಜೊತೆಗೊಬ್ಬ ಸಹಾಯಕ.

ತೋಟವನ್ನು ನಾನು ಲೆಕ್ಕದಿಂದ ಹೊರಗಿಡುವುದಿಲ್ಲ. ರೈಟರನ್ನು ಇಟ್ಟು, ಕೆಟ್ಟ ಬೆಲೆಯ ವರ್ಷಗಳನ್ನೂ ಸೇರಿಸಿ ಸರಾಸರಿ ನೋಡಿದರೆ, ಏಳು ಎಕರೆ ಇಂದಿನ ಹಣದಲ್ಲಿ ವರ್ಷಕ್ಕೆ 2,40,000 ಉಳಿಸಿ ಕೊಡಬಹುದು ಎಂಬುದು ಎಚ್ಚರಿಕೆಯ ಅಂದಾಜು. ಅಂದರೆ ನಿಮ್ಮ ಖರ್ಚಿನ ಅರ್ಧ. ಉಳಿದ ಅರ್ಧ, ಆಗಿನ ಲೆಕ್ಕದಲ್ಲಿ 4,80,000, ಕೂಡಿಟ್ಟ ಹಣದಿಂದ ಬರಬೇಕು. ಆ ಹಣ ಬೆಲೆಯೇರಿಕೆಯ ಜೊತೆ ಏರುತ್ತಾ ಮೂವತ್ತು ವರ್ಷ ಬಾಳಬೇಕಾದರೆ ವರ್ಷದ ಅಗತ್ಯದ ಕನಿಷ್ಠ 25 ಪಟ್ಟು ಇರಬೇಕು. 30 ಪಟ್ಟು ಇದ್ದರೆ ನೆಮ್ಮದಿ. 25 ಪಟ್ಟು ಎಂದರೆ 1 ಕೋಟಿ 20 ಲಕ್ಷ.

ಅಂಕೆ ನೋಡಿ ಗಾಬರಿಯಾಗಬೇಡಿ, ನೀವು ಅರ್ಧ ದಾರಿಗಿಂತ ಮುಂದಿದ್ದೀರಿ. ನಿಮ್ಮ 29 ಲಕ್ಷದಲ್ಲಿ 5 ಲಕ್ಷವನ್ನು ಕೆಟ್ಟ ವರ್ಷದ ತೋಟದ ಖರ್ಚಿಗೆಂದು ಪಕ್ಕಕ್ಕಿಡೋಣ. ಉಳಿದ 24 ಲಕ್ಷ ಸರಾಸರಿ ಶೇಕಡಾ 8ರಂತೆ ಬೆಳೆದರೆ ಹನ್ನೆರಡು ವರ್ಷದಲ್ಲಿ ಸುಮಾರು 60 ಲಕ್ಷ. ಪತ್ನಿಯ ಭವಿಷ್ಯ ನಿಧಿ, ಮುಂದಿನ ವಂತಿಗೆಯೂ ಸೇರಿ, ಹತ್ತಿರ ಹತ್ತಿರ 12 ಲಕ್ಷ. ಕೊರತೆ 48 ಲಕ್ಷ. ಅದನ್ನು ತುಂಬಲು ವರ್ಷಕ್ಕೆ ಎರಡೂವರೆ ಲಕ್ಷ ಬೇಕು. ಶೇಕಡಾ 8ಕ್ಕೆ ಯಾರೂ ಖಾತರಿ ಕೊಡಲಾರರು. ಶೇಕಡಾ 7 ಬಂದರೆ ವರ್ಷದ ಕಂತು ಮೂರು ಲಕ್ಷ ದಾಟುತ್ತದೆ. ಮಗನ ಶುಲ್ಕ ನಿಂತ ವರ್ಷದಿಂದ ಆ ಹಣವನ್ನೂ ಇಲ್ಲಿಗೆ ತಿರುಗಿಸಿದರೆ ಈ ವ್ಯತ್ಯಾಸವನ್ನು ತಡೆದುಕೊಳ್ಳಬಹುದು.

ಪತ್ನಿಗೆ ಭವಿಷ್ಯ ನಿಧಿಯ ಜೊತೆಗೆ ಪಿಂಚಣಿಯೂ ಇರುವುದರಿಂದ ಅದೇ ಸಾಕು ಎಂದು ಕೆಲವರು ತಿಳಿಯುತ್ತಾರೆ. 1995ರ ಆ ನೌಕರರ ಪಿಂಚಣಿ ಯೋಜನೆಯ ಸೂತ್ರ ಸರಳ: ಪಿಂಚಣಿಗೆ ಲೆಕ್ಕ ಹಾಕುವ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸುತ್ತಾರೆ. 15,000 ರೂಪಾಯಿಯ ಮಿತಿಯಲ್ಲಿ, 58ನೇ ವಯಸ್ಸಿಗೆ 18 ವರ್ಷದ ಸೇವೆಯಾದರೆ, ತಿಂಗಳಿಗೆ 3,857 ರೂಪಾಯಿ. ಬೆಲೆ ಏರಿದರೂ ಅದು ಏರುವುದಿಲ್ಲ. ಆದರೂ ಅದು ಅವರ ಹಕ್ಕಿನ ಹಣ. ಹತ್ತು ವರ್ಷದ ಸೇವೆ ತುಂಬುವ ಮೊದಲು ಕೆಲಸ ಬಿಟ್ಟು ಹಣ ಹಿಂಪಡೆದರೆ ಈ ಪಿಂಚಣಿಯೇ ಇಲ್ಲವಾಗುತ್ತದೆ, ಅದನ್ನು ಅವರಿಗೆ ತಿಳಿಸಿ.

ಸಂಬಳವಿಲ್ಲದವರು ವರ್ಷಕ್ಕೆ ಎರಡೂವರೆ ಲಕ್ಷವನ್ನು ಶಿಸ್ತಿನಿಂದ ಎತ್ತಿಡುವುದು ಹೇಗೆ? ಇಲ್ಲಿ ನನ್ನ ತಂದೆಯ ಕಾಲದ ಒಂದು ಮಾತು. 1990ರ ದಶಕದ ನಡುವಿನವರೆಗೂ ಬೆಳೆಗಾರರು ಕಾಫಿಯನ್ನು, ಎಲ್ಲರದನ್ನೂ ಒಟ್ಟುಗೂಡಿಸಿ ಮಾರುತ್ತಿದ್ದ ಕಾಫಿ ಮಂಡಳಿಯ ಪೂಲ್‌ಗೆ ಒಪ್ಪಿಸಬೇಕಿತ್ತು, ಹಣ ಕಂತುಗಳಲ್ಲಿ ಬರುತ್ತಿತ್ತು. ನಮ್ಮ ಮನೆಯಲ್ಲಿ ಅಂಚೆಯವನ ದಾರಿ ಕಾಯುತ್ತಿದ್ದುದು ನನಗೆ ನೆನಪಿದೆ. ಆ ವ್ಯವಸ್ಥೆಯಲ್ಲಿ ಬೆಳೆಗಾರನಿಗೆ ಅನ್ಯಾಯವಾಗುತ್ತಿತ್ತು, ಅದು ಹೋದದ್ದು ಒಳ್ಳೆಯದೇ ಆಯಿತು. ಆದರೆ ಕಂತಿನ ಹಣ ಒಂದೇ ದಿನ ಖರ್ಚಾಗುತ್ತಿರಲಿಲ್ಲ. ಇಂದು ವ್ಯಾಪಾರಿ ಚೀಲ ತೂಗಿದ ವಾರದಲ್ಲೇ ಇಡೀ ವರ್ಷದ ಹಣ ಖಾತೆಗೆ ಬೀಳುತ್ತದೆ. ಏಪ್ರಿಲ್‌ನಲ್ಲಿ ಜೀಪು, ಮೇನಲ್ಲಿ ಮದುವೆ, ಜೂನ್ ಹೊತ್ತಿಗೆ ಗೊಬ್ಬರಕ್ಕೆ ಕೈಸಾಲ.

ಹಾಗಾಗಿ ನನ್ನ ಬಳಿ ಬರುವ ಬೆಳೆಗಾರರಿಗೆ ರೂಪಾಯಿಯಲ್ಲಿ ಲೆಕ್ಕ ಹೇಳದೆ ಚೀಲದಲ್ಲಿ ಹೇಳುತ್ತೇನೆ. ಚೆರಿಯ ಬೆಲೆ 8,000ಕ್ಕಿಂತ ಮೇಲಿದ್ದ ವರ್ಷ ನೂರರಲ್ಲಿ 30 ಚೀಲ ಮುಪ್ಪಿನದು. 5,000ದಿಂದ 8,000ದ ನಡುವೆ ಇದ್ದರೆ 20 ಚೀಲ. ಅದಕ್ಕಿಂತ ಕೆಳಗಿದ್ದರೆ ಐದು ಚೀಲ ಸಾಕು, ಆದರೆ ಸೊನ್ನೆ ಬೇಡ. ಕಡಿಮೆಯಾದ ವರ್ಷದ ಕೊರತೆಯನ್ನು ಮೆಣಸು ಒಳ್ಳೆಯ ಬೆಲೆಗೆ ಹೋದ ವರ್ಷ ತುಂಬಿಸಿ. ಆ ಚೀಲಗಳ ಹಣ ನಿಮ್ಮ ವಹಿವಾಟಿನ ಖಾತೆಗೆ ಬರಲೇಬಾರದು. ಪತ್ನಿಯ ಹೆಸರಿನ ಬೇರೆ ಖಾತೆ ತೆರೆದು, ಹಣ ಬಿದ್ದ ವಾರದಲ್ಲೇ ಅಲ್ಲಿಗೆ ಕಳುಹಿಸಿ. ಚೀಲಗಳನ್ನು ಗೋದಾಮಿನಲ್ಲಿಟ್ಟು ಇನ್ನೂ ಬೆಲೆ ಏರಲೆಂದು ಕಾಯುವ ಅಭ್ಯಾಸ ನಮ್ಮಲ್ಲಿದೆ. ಉಳಿದ ಚೀಲಗಳಿಗೆ ಅದು ನಿಮ್ಮ ಇಷ್ಟ. ಮುಪ್ಪಿನ ಚೀಲವನ್ನು ಮೊದಲ ಲೋಡಿನಲ್ಲೇ ಮಾರಿ.

ಹಣವನ್ನು ಎಲ್ಲಿಡಬೇಕು ಎಂಬುದಕ್ಕೆ ಬರುವ ಮೊದಲು ಸಹಕಾರ ಸಂಘದ 11 ಲಕ್ಷದ ಬಗ್ಗೆ ಹೇಳಲೇಬೇಕು. ಬ್ಯಾಂಕ್ ಠೇವಣಿಗೆ, ಸಹಕಾರಿ ಬ್ಯಾಂಕ್ ಸೇರಿದಂತೆ, ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷ ರೂಪಾಯಿವರೆಗೆ ವಿಮಾ ರಕ್ಷಣೆ ಇದೆ. 2020ರ ಫೆಬ್ರವರಿಯಿಂದ ಈ ಮಿತಿ ಜಾರಿಯಲ್ಲಿದೆ. ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳಿಗೆ, ಸೌಹಾರ್ದ ಪತ್ತಿನ ಸಂಘಗಳಿಗೆ ಈ ರಕ್ಷಣೆ ಇಲ್ಲ. ನಮ್ಮ ಜಿಲ್ಲೆಯಲ್ಲಿ ಚೆನ್ನಾಗಿ ನಡೆಯುವ ಸಂಘಗಳು ಎಷ್ಟೋ ಇವೆ, ಬೆಳೆಗಾರನನ್ನು ಕಷ್ಟದಲ್ಲಿ ಕಾಪಾಡಿದವೂ ಅವೇ. ನಾನು ಯಾವ ಸಂಘದ ಮೇಲೂ ಅನುಮಾನ ಹುಟ್ಟಿಸುತ್ತಿಲ್ಲ. ಆದರೆ ಒಂದು ಪಕ್ಷ ಎಡವಟ್ಟಾದರೆ ನಿಮ್ಮ ಹಿಂದೆ ನಿಲ್ಲುವ ವಿಮೆ ಇಲ್ಲ ಎಂಬುದು ತಿಳಿದಿರಲಿ. ಸಂಘದ ನಂಟು ಉಳಿಯುವಂತೆ ನಾಲ್ಕು ಲಕ್ಷ ಅಲ್ಲಿಯೇ ಇರಲಿ. ಉಳಿದದ್ದನ್ನು ಅವಧಿ ಮುಗಿದಂತೆ ಹೊರತೆಗೆಯಿರಿ. ಅವಧಿಗೆ ಮೊದಲೇ ಒಡೆದು ಬಡ್ಡಿ ಕಳೆದುಕೊಳ್ಳುವುದು ಬೇಡ.

ಪಕ್ಕಕ್ಕಿಟ್ಟ 5 ಲಕ್ಷ ಬ್ಯಾಂಕಿನಲ್ಲಿ, ಯಾವಾಗ ಬೇಕಾದರೂ ತೆಗೆಯುವಂತೆ ಇರಲಿ.

ಆಮೇಲೆ ಪಿಪಿಎಫ್, ಎಂದರೆ ಸಾರ್ವಜನಿಕ ಭವಿಷ್ಯ ನಿಧಿ. ಇಬ್ಬರ ಹೆಸರಿನಲ್ಲೂ ಒಂದೊಂದು ಖಾತೆ ತೆರೆಯಿರಿ. ಒಬ್ಬರು ವರ್ಷಕ್ಕೆ 1,50,000 ರೂಪಾಯಿವರೆಗೆ ಕಟ್ಟಬಹುದು, ಕೆಟ್ಟ ವರ್ಷ 500 ರೂಪಾಯಿ ಕಟ್ಟಿದರೂ ಖಾತೆ ಜೀವಂತ. ಏರಿಳಿಯುವ ಆದಾಯದವರಿಗೆ ಇದು ಹೇಳಿ ಮಾಡಿಸಿದಂತಿದೆ. 2020ರ ಏಪ್ರಿಲ್‌ನಿಂದ ಬಡ್ಡಿ ಶೇಕಡಾ 7.1ರಲ್ಲಿದೆ, ಆ ಬಡ್ಡಿಗೆ ತೆರಿಗೆ ಇಲ್ಲ. ಬೆಳೆಗಾರರಿಗೆ ಅದಕ್ಕಿಂತ ಮುಖ್ಯವಾದ ಒಂದು ಗುಣ ಇದಕ್ಕಿದೆ: ಸಾಲಗಾರರು ಕೋರ್ಟ್ ಡಿಕ್ರಿ ತಂದರೂ ಪಿಪಿಎಫ್ ಹಣವನ್ನು ಜಪ್ತಿ ಮಾಡುವಂತಿಲ್ಲ. ತೊಡಕೆಂದರೆ ಹದಿನೈದು ವರ್ಷದ ಅವಧಿ. ಈಗ ಶುರು ಮಾಡಿದರೆ ಪೂರ್ತಿ ಹಣ ಕೈಗೆ ಬರುವಾಗ ನಿಮಗೆ 66 ದಾಟಿರುತ್ತದೆ. ಏಳನೇ ವರ್ಷದಿಂದ ಒಂದು ಭಾಗ ತೆಗೆಯಲು ಅವಕಾಶವಿದೆ.

ಬಡ್ಡಿಯ ಹಣವೊಂದೇ ಬೆಲೆಯೇರಿಕೆಯನ್ನು ಹಿಂದಿಕ್ಕಲಾರದು. ಅದಕ್ಕಾಗಿ 24 ಲಕ್ಷದಲ್ಲಿ ಸುಮಾರು 9 ಲಕ್ಷವನ್ನು ಷೇರುಗಳಲ್ಲಿ ತೊಡಗಿಸುವ ಮ್ಯೂಚುವಲ್ ಫಂಡಿಗೆ ಹಾಕಬಹುದು ಎಂದು ಹೇಳುತ್ತೇನೆ. ಈ ಹೆಸರು ಕೇಳಿದರೆ ನಮ್ಮ ಹಿರಿಯರು ಮುಖ ಸಿಂಡರಿಸುತ್ತಾರೆ, ಅದಕ್ಕೆ ಕಾರಣವೂ ಇದೆ. 2008ರಲ್ಲಿ ಷೇರು ಸೂಚ್ಯಂಕ ಅರ್ಧಕ್ಕಿಂತ ಕೆಳಗೆ ಬಿತ್ತು, 2020ರ ಮಾರ್ಚ್‌ನಲ್ಲಿ ಕೆಲವೇ ವಾರಗಳಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕರಗಿತು. ಎರಡು ಸಲವೂ ಚೇತರಿಸಿಕೊಂಡಿತು. ಆದರೆ ಆ ತಿಂಗಳುಗಳಲ್ಲಿ ಹೆದರಿ ಮಾರಿದವರಿಗೆ ಆ ಚೇತರಿಕೆ ಸಿಗಲಿಲ್ಲ. ಏಳೆಂಟು ವರ್ಷ ಮುಟ್ಟಬೇಕಾಗಿಲ್ಲದ ಹಣವನ್ನು ಮಾತ್ರ ಇಲ್ಲಿ ಹಾಕಿ. ಒಂದೇ ಸಲ ಹಾಕದೆ ಒಂದೂವರೆ ವರ್ಷದಲ್ಲಿ ತಿಂಗಳು ತಿಂಗಳು ಹಂಚಿ ಹಾಕಿ. ಸೂಚ್ಯಂಕವನ್ನೇ ಹಿಂಬಾಲಿಸುವ, ಕಡಿಮೆ ವೆಚ್ಚದ ಇಂಡೆಕ್ಸ್ ಫಂಡ್ ಸಾಕು. 60 ದಾಟುತ್ತಿದ್ದಂತೆ ವರ್ಷಕ್ಕಿಷ್ಟರಂತೆ ಬಡ್ಡಿಯ ಕಡೆಗೆ ತಿರುಗಿಸುತ್ತಾ ಬನ್ನಿ. ಬೆಲೆ ಬಿದ್ದ ವರ್ಷ ಗಿಡ ಕಿತ್ತುಹಾಕದೆ ಕಾದ ನಿಮಗೆ ಈ ತಾಳ್ಮೆ ಹೊಸದೇನಲ್ಲ.

ಈ 9 ಲಕ್ಷ, ಸಂಘದಲ್ಲಿ ಬಿಟ್ಟ 4 ಲಕ್ಷ ಕಳೆದು ಉಳಿಯುವ 11 ಲಕ್ಷದಲ್ಲಿ ಈ ವರ್ಷದ ಪಿಪಿಎಫ್ ಕಂತು 3 ಲಕ್ಷ ಹೋಗಲಿ. ಮಿಕ್ಕ 8 ಲಕ್ಷವನ್ನು ಅಂಚೆ ಕಚೇರಿಯ ಉಳಿತಾಯ ಪತ್ರಕ್ಕೂ ಎರಡು ಬೇರೆ ಬ್ಯಾಂಕುಗಳ ಠೇವಣಿಗೂ ಹಂಚಿ.

ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ, ಎಂದರೆ ಎನ್‌ಪಿಎಸ್, ಸರ್ಕಾರಿ ನೌಕರರಿಗೆ ಮಾತ್ರ ಎಂದು ಹಲವರು ನಂಬಿದ್ದಾರೆ. 2009ರಿಂದ ಅದು ಎಲ್ಲರಿಗೂ ತೆರೆದಿದೆ, ನೀವೂ ಸೇರಬಹುದು. ವೆಚ್ಚ ಬಹಳ ಕಡಿಮೆ, ವರ್ಷಕ್ಕೆ ಎಷ್ಟು ಬೇಕಾದರೂ ಕಟ್ಟಬಹುದು. ಕೊನೆಯಲ್ಲಿ ಒಂದು ಪಾಲನ್ನು ಜೀವಾವಧಿ ಪಿಂಚಣಿ ಕೊಡುವ ಆನ್ಯುಟಿಗೆ ಹಾಕಬೇಕಾಗುತ್ತದೆ, ಸಣ್ಣ ಮೊತ್ತಕ್ಕೆ ವಿನಾಯಿತಿ ಉಂಟು. ಆ ಪಾಲಿನ ನಿಯಮ ಬದಲಾಗುತ್ತಾ ಬಂದಿದೆ, ಸೇರುವ ದಿನ ಕೇಳಿಕೊಳ್ಳಿ. ಕೈಗೆ ಸಿಕ್ಕ ಹಣ ನಿಲ್ಲುವುದಿಲ್ಲ ಎಂದು ತಮ್ಮ ಬಗ್ಗೆ ಗೊತ್ತಿರುವವರಿಗೆ ಈ ಬೀಗ ಒಳ್ಳೆಯದು. ನಿಮ್ಮ ಮನೆಯಲ್ಲಿ ಅಂಥವರು ಯಾರು ಎಂಬುದು ನಿಮಗೇ ಗೊತ್ತು. ಅಟಲ್ ಪಿಂಚಣಿ ಯೋಜನೆಗೆ 40 ವರ್ಷದೊಳಗೆ ಸೇರಬೇಕಿತ್ತು, ಅದು ನಿಮಗೆ ದಾಟಿದೆ. ನಿಮ್ಮ ತೋಟದಲ್ಲಿ ಕೆಲಸ ಮಾಡುವ ಕಿರಿಯರಿಗೆ ದಾಟಿಲ್ಲ. ಆದಾಯ ತೆರಿಗೆ ಕಟ್ಟದವರು ಸೇರಿದರೆ 60ರ ನಂತರ ತಿಂಗಳಿಗೆ 1,000ದಿಂದ 5,000 ರೂಪಾಯಿ ಪಿಂಚಣಿ ಬರುತ್ತದೆ. ನಾಳೆ ತೋಟದಲ್ಲಿ ಅವರಿಗೆ ಇದನ್ನು ಹೇಳಿ, ದಯವಿಟ್ಟು.

ಏಜೆಂಟರ ಗ್ಯಾರಂಟಿ ಪಾಲಿಸಿಯ ಕಾಗದವನ್ನು ನಾನು ನೋಡಿಲ್ಲ. ಅದನ್ನು ಅಳೆಯುವ ರೀತಿ ಹೇಳುತ್ತೇನೆ. ಇಂಥ ಪಾಲಿಸಿಯಲ್ಲಿ ವರ್ಷಕ್ಕೆ 50,000ದಂತೆ ಹದಿನೈದು ವರ್ಷ ಕಟ್ಟಿ ಕೊನೆಗೆ 12 ಲಕ್ಷ ಸಿಗುತ್ತದೆ ಎಂದುಕೊಳ್ಳಿ. ಏಳೂವರೆ ಲಕ್ಷ ಹನ್ನೆರಡಾಯಿತು ಎಂದಾಗ ದೊಡ್ಡದಾಗಿ ಕೇಳಿಸುತ್ತದೆ. ವರ್ಷದ ಬಡ್ಡಿಗೆ ತಿರುಗಿಸಿ ನೋಡಿದರೆ ಅದು ಶೇಕಡಾ 6ನ್ನೂ ಮುಟ್ಟುವುದಿಲ್ಲ. ಏಜೆಂಟರನ್ನು ಒಂದೇ ಪ್ರಶ್ನೆ ಕೇಳಿ: ‘ಇದು ವರ್ಷಕ್ಕೆ ಶೇಕಡಾ ಎಷ್ಟು ಬಡ್ಡಿ, ಬರೆದು ಸಹಿ ಹಾಕಿ ಕೊಡುತ್ತೀರಾ?’ ತೆರಿಗೆ ಉಳಿಯುತ್ತದೆ ಎಂದೂ ಅವರು ಹೇಳಿರಬಹುದು. ಒಣಗಿಸಿದ ಚೆರಿಯನ್ನು ಹಾಗೆಯೇ ಮಾರುವ ನಿಮ್ಮ ಕಾಫಿ ಆದಾಯ ಕೃಷಿ ಆದಾಯ, ಅದಕ್ಕೆ ಆದಾಯ ತೆರಿಗೆ ಇಲ್ಲ. ಕ್ಯೂರಿಂಗ್ ಮಾಡಿ (ಸಿಪ್ಪೆ ಬಿಡಿಸಿ ಬೀಜ ಹದಗೊಳಿಸಿ) ಮಾರುವವರಿಗಾದರೆ ಆದಾಯದ ಶೇಕಡಾ 25 ತೆರಿಗೆಯ ಲೆಕ್ಕಕ್ಕೆ ಬರುತ್ತದೆ. ಠೇವಣಿಯ ಬಡ್ಡಿ ತೆರಿಗೆಯ ವ್ಯಾಪ್ತಿಯಲ್ಲಿದೆ ನಿಜ, ಆದರೆ ಕಟ್ಟದ ತೆರಿಗೆಯನ್ನು ಉಳಿಸಲು ಹದಿನೈದು ವರ್ಷದ ಪಾಲಿಸಿ ಯಾಕೆ?

60 ತುಂಬಿದ ಮೇಲೆ ತಿಂಗಳ ಖರ್ಚಿಗೆ ಹಣ ಹರಿಯುವಂತೆ ಮಾಡುವ ದಾರಿಗಳು ಬೇರೆ. ಅವುಗಳಲ್ಲಿ ನನಗೆ ಹೆಚ್ಚು ಭರವಸೆ ಇರುವುದು ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ. ಒಬ್ಬರು 30 ಲಕ್ಷದವರೆಗೆ ಇಡಬಹುದು, ಐದು ವರ್ಷದ ಅವಧಿ, ಆಮೇಲೆ ಮುಂದುವರಿಸಬಹುದು. 2023ರ ಏಪ್ರಿಲ್‌ನಲ್ಲಿ ನಿಗದಿಯಾದ ಶೇಕಡಾ 8.2ರ ದರದಲ್ಲಿ 30 ಲಕ್ಷಕ್ಕೆ ಮೂರು ತಿಂಗಳಿಗೊಮ್ಮೆ 61,500 ರೂಪಾಯಿ ಬರುತ್ತದೆ. ನೀವು ಸೇರುವ ಹೊತ್ತಿಗೆ ದರ ಬೇರೆ ಇರಬಹುದು. ಅದರ ಪಕ್ಕಕ್ಕೆ ಅಂಚೆ ಕಚೇರಿಯ ಮಾಸಿಕ ಆದಾಯ ಯೋಜನೆ. ಜಂಟಿ ಖಾತೆಯಲ್ಲಿ 15 ಲಕ್ಷದವರೆಗೆ ಇಡಬಹುದು.

ಇದಕ್ಕೆಲ್ಲ ಮುಂಚೆ ಆರೋಗ್ಯ ವಿಮೆ. ನಿಮ್ಮ ಪತ್ರದಲ್ಲಿ ಅದರ ಸುದ್ದಿಯೇ ಇಲ್ಲ, ಹಾಗಾಗಿ ಇಲ್ಲವೆಂದೇ ತಿಳಿಯುತ್ತೇನೆ. ಮಂಡಿಯ ವಿಷಯ ಬಚ್ಚಿಡದೆ ಅರ್ಜಿಯಲ್ಲಿ ಬರೆಯಿರಿ. ಈಗಾಗಲೇ ಇರುವ ಕಾಯಿಲೆಗೆ ಕಾಯುವ ಅವಧಿ ಹೆಚ್ಚೆಂದರೆ ಮೂರು ವರ್ಷ. ಈ ವರ್ಷ ಮಾಡಿಸಿದರೆ 54ಕ್ಕೆ ಅದು ಮುಗಿಯುತ್ತದೆ, 58ಕ್ಕೆ ಮಾಡಿಸಿದರೆ 61ಕ್ಕೆ. ಬಚ್ಚಿಟ್ಟವರ ಕ್ಲೇಮು ತಿರಸ್ಕೃತವಾಗಿ, ಮೈಸೂರಿನ ಆಸ್ಪತ್ರೆಯ ಬಿಲ್ ಕೌಂಟರಿನಿಂದಲೇ ನನಗೆ ಕರೆ ಮಾಡಿ ಅತ್ತವರಿದ್ದಾರೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಗೆ ಜಿಎಸ್‌ಟಿಯೂ ಇಲ್ಲ.

ಇನ್ನೊಂದು ವಿಷಯ, ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. 60 ದಾಟುತ್ತಿದ್ದಂತೆ ‘ಮಗನ ಹೆಸರಿಗೆ ಬರೆದುಬಿಡಿ’ ಎಂಬ ಸಲಹೆ ಬರುತ್ತದೆ. ಮಕ್ಕಳು ಒಳ್ಳೆಯವರೇ ಇರುತ್ತಾರೆ. ನನ್ನ ಅನುಭವದಲ್ಲಿ ತೊಂದರೆ ಹೆಚ್ಚಾಗಿ ಅವರ ಸಾಲದಿಂದ, ಅವರ ಮನೆಯ ಬಿರುಕಿನಿಂದ ಬಂದಿದೆ. ಬರೆಯುವುದಿದ್ದರೆ ಉಯಿಲು ಬರೆಯಿರಿ. ದಾನಪತ್ರವೇ ಆಗಬೇಕೆಂದರೆ, ನಿಮ್ಮಿಬ್ಬರ ಪಾಲನೆ ಮಾಡಬೇಕು, ಜೀವನಪರ್ಯಂತ ಫಸಲಿನ ಹಕ್ಕು ನಿಮ್ಮದು ಎಂಬ ಷರತ್ತು ಪತ್ರದಲ್ಲೇ ಇರಲಿ. 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪಾಲನೆ ಕಾಯ್ದೆಯ 23ನೇ ಕಲಂ ಅಂಥ ಷರತ್ತು ಮುರಿದರೆ ಪತ್ರವನ್ನು ರದ್ದು ಮಾಡಿಸಲು ಅವಕಾಶ ಕೊಡುತ್ತದೆ. ಷರತ್ತು ಬರೆಯದ ದಾನಪತ್ರ ಹಿಡಿದು ಉಪವಿಭಾಗಾಧಿಕಾರಿ ಕಚೇರಿಯ ಬೆಂಚಿನ ಮೇಲೆ ಕಾಯುತ್ತಿದ್ದ ಎಂಬತ್ತರ ಅಜ್ಜಿಯೊಬ್ಬರನ್ನು ನಾನು ನೋಡಿದ್ದೇನೆ. ಒಟ್ಟು ಪಟ್ಟೆಯ ಮೂರು ಎಕರೆಯ ಮಾತುಕತೆಯನ್ನೂ ಅಣ್ಣತಮ್ಮಂದಿರು ಗಟ್ಟಿಯಾಗಿರುವಾಗಲೇ, ಈ ಹುತ್ತರಿ ಹಬ್ಬಕ್ಕೆ ಎಲ್ಲರೂ ಕುಟುಂಬದ ಮೂಲಮನೆಯಾದ ಐನ್‌ಮನೆಯಲ್ಲಿ ಸೇರಿದಾಗ ಶುರು ಮಾಡಿ.

ಕೊನೆಗೆ ನಿಮ್ಮ ಪತ್ನಿಯ ಮಾತು. ಅವರು ನಿಮಗಿಂತ ನಾಲ್ಕು ವರ್ಷ ಚಿಕ್ಕವರು. ಹೆಂಗಸರು ಗಂಡಸರಿಗಿಂತ ಹೆಚ್ಚು ಕಾಲ ಬಾಳುವುದು ಸಾಮಾನ್ಯ. ಹಾಗಾಗಿ ಈ ಹಣ ನಿಮ್ಮ ಆಯುಷ್ಯದ ಅಳತೆಗೆ ಅಲ್ಲ, ಅವರ 90ನೇ ವರ್ಷದವರೆಗೆ ಸಾಲಬೇಕು, ಅದರಲ್ಲೂ ಕೊನೆಯ ವರ್ಷಗಳಲ್ಲಿ ಅವರು ಒಬ್ಬರೇ ಇರಬಹುದು. ನಿಮ್ಮ ಪತ್ರದಲ್ಲಿ ಅಣ್ಣನ ಅಭಿಪ್ರಾಯ ಇದೆ, ಏಜೆಂಟರ ಅಭಿಪ್ರಾಯ ಇದೆ, ಅವರದು ಇಲ್ಲ. ಈ ಭಾನುವಾರ ಇಬ್ಬರೂ ಕೂತು ಖಾತೆ, ಪಾಲಿಸಿ, ಪಟ್ಟೆಗಳ ಒಂದು ಪಟ್ಟಿ ಮಾಡಿ: ಯಾವ ಬ್ಯಾಂಕು, ಯಾವ ಸಂಖ್ಯೆ, ನಾಮಿನಿ ಯಾರು, ಕಾಗದ ಯಾವ ಪೆಟ್ಟಿಗೆಯಲ್ಲಿದೆ. ಹೇಳುವುದು ನೀವಾಗಿರಲಿ, ಬರೆಯುವುದು ಅವರ ಕೈಯಾಗಿರಲಿ. ಆ ಪಟ್ಟಿ ಮುಗಿಯುವವರೆಗೆ ಪಕ್ಕದ ತೋಟದವರಿಗೂ ಏಜೆಂಟರಿಗೂ ಯಾವ ಮಾತೂ ಕೊಡಬೇಡಿ.